ನಳ ಬರುತ್ತಿದೆ ಎಂದು ಸಾರಿದವರಿಗೆ

ಐಗಳಿ, ತಾ. ಅಥಣಿ
ದಿನಾಂಕ 2 ಜೂನ್ 1994

ಅಥಣಿಯ ಚಂಚಲಾ ವಿಡಿಯೋ ಗೇಮ್ ಸೆಂಟರಿನ ಸಂಸ್ಥಾಪಕರೂ, ಮಾಲೀಕರೂ, ಗಲ್ಲಾಪೆಟ್ಟಿಗೆಯ ಮುಂದೆ ಸ್ವತಃ ಕೂರುವವರೂ ಆದ ಶ್ರೀಮಾನ್ ಬಾಳಾಸಾಹೇಬರ ಸನ್ನಿಧಿಗೆ, ಐಗಳಿಯ ದ್ರಾಕ್ಷಿ ಬೆಳೆಗಾರ ಲಗಮಣ್ಣನು ಊರವರೆಲ್ಲರ ಎದುರಿಗೆ ಮಾಡುವ ಬಹಿರಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ನಾಲ್ಕೂ ಟಿ.ವಿ.ಗಳು, ಗೇಮಿನ ಕ್ಯಾಸೆಟ್ಟುಗಳು, ಮತ್ತು ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುವ ಆ ಮೂರನೆಯ ನಂಬರಿನ ರಿಮೋಟು ಕೂಡ ಕ್ಷೇಮವಾಗಿರಲಿ. ಇತ್ತ ನಾನು ಬಲಗಡೆಯ ಹೆಗಲೊಂದನ್ನು ಬಿಟ್ಟು ಉಳಿದಂತೆ ಕ್ಷೇಮ. ಹೆಗಲಿನ ವಿಷಯ ಮುಂದೆ ಬರುತ್ತದೆ.

ನಾನು ಯಾರೆಂದು ತಮಗೆ ಪರಿಚಯಿಸಿಕೊಳ್ಳುವ ಅಗತ್ಯವಿಲ್ಲ. ನಲವತ್ತೊಂದು ವಯಸ್ಸಾಗಿದ್ದರೂ, ಬಳ್ಳಿಗೆ ಹೊಡೆಯುವ ಔಷಧ ತರುತ್ತೇನೆಂದು ಹೇಳಿ ವಾರಕ್ಕೆ ಎರಡು ಸಲ ಅಥಣಿಗೆ ಬಂದು, ಶಾಲೆ ತಪ್ಪಿಸಿದ ಹುಡುಗರ ನಡುವೆ ಸ್ಟೂಲಿನ ಮೇಲೆ ಕೂತು ವಿಮಾನ ಹಾರಿಸುವವನು ನಾನೇ. ಆದರೆ ನಿಜ ಹೇಳಬೇಕೆಂದರೆ, ನಾನು ತಮ್ಮ ಆಟಗಳಿಗಿಂತ ತಮ್ಮ ಪ್ರಕಟಣೆಗಳ ಅಭಿಮಾನಿ. ತಮ್ಮ ಅಂಗಡಿಯ ಮುಂದಿನ ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ತಾವು ‘ಬರಲಿದೆ’ ಎಂದು ಬರೆದರೆ ಸಾಕು, ಬಸ್ಸು ನಿಲ್ಲುವ ಮೊದಲೇ ನಾನು ಇಳಿದುಬಿಡುತ್ತಿದ್ದೆ. ಮನೆಯ ಕ್ಯಾಲೆಂಡರಿನಲ್ಲಿ ಎಮ್ಮೆ ಈಯುವ ತಾರೀಖಿನ ಪಕ್ಕದಲ್ಲೇ ಗೇಮು ಬರುವ ತಾರೀಖನ್ನೂ ಗುರುತು ಹಾಕಿಡುತ್ತಿದ್ದೆ. ನನ್ನ ಹೆಂಡತಿ ಸಕ್ಕುಬಾಯಿ ಅದನ್ನು ನೋಡಿ, “ಮಗಾ ಹುಟ್ಟಿದ ಸುದ್ದಿ ಕೇಳಿದಾಗೂ ಇಷ್ಟ ಕುಣದಿದ್ದಿಲ್ರಿ ನೀವು” ಅಂದದ್ದುಂಟು. ಮಗ ಹುಟ್ಟುವುದನ್ನು ಯಾರೂ ಹಲಗೆಯ ಮೇಲೆ ಅಷ್ಟು ಚೆಂದವಾಗಿ ಬರೆದಿರಲಿಲ್ಲ ಎಂಬುದು ಆಕೆಗೆ ತಿಳಿಯದು.

ಹೋದ ವರ್ಷ ತಾವು ‘ಕುಸ್ತಿ ಬರಲಿದೆ’ ಎಂದು ಬರೆದಾಗ ನಾನು ಸತ್ತಿ ಊರಿಗೆ ಹೋಗಿ, ಒಂದು ಕಾಲದಲ್ಲಿ ಸಾಂಗಲಿಯವರೆಗೂ ಹೆಸರು ಮಾಡಿದ ಪೈಲವಾನ ಆಬಾಸಾಹೇಬರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದಿದ್ದನ್ನು ತಾವು ಮರೆತಿರಲಾರಿರಿ. ಎಪ್ಪತ್ತು ದಾಟಿದ ಆ ಹಿರಿಯರು ರುಮಾಲು ಸುತ್ತಿಕೊಂಡು, ಟಿ.ವಿ.ಗೆ ಕೈ ಮುಗಿದು ಕೂತರು. ತುಂಡು ಚೊಣ್ಣ ಹಾಕಿದ ಇಬ್ಬರು ಗಾಳಿಯಲ್ಲಿ ಹಾರಿ ಹಾರಿ ಒದ್ದಾಡುವುದನ್ನು ಬಹಳ ಹೊತ್ತು ನೋಡಿ, “ಮಣ್ಣಿಲ್ಲ, ಪಟ್ಟಿಲ್ಲ. ಇದು ಜಗಳ ಐತಿ, ಇವರನ್ನ ಬಿಡಸೂದು ಬಿಟ್ಟು ನೀವು ರೊಕ್ಕಾ ಕೊಟ್ಟು ನೋಡಾಕತ್ತೀರಿ” ಅಂದು ಎದ್ದು ಹೋದರು. ಆಗಲೂ ನಾನು ತಮ್ಮ ಪರವಾಗಿಯೇ ನಿಂತೆ. ತಿರುಗಿ ಸತ್ತಿಯವರೆಗೆ ಸೈಕಲ್ ತುಳಿಯುವಾಗ ಎದುರುಗಾಳಿ ಇತ್ತು, ಆದರೂ ತಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ.

ಇಂಥ ನನ್ನ ನಿಷ್ಠೆಯನ್ನು ಮೆಚ್ಚಿಯೇ ತಾವು, ಐಗಳಿಯ ಬಸ್ ಸ್ಟ್ಯಾಂಡಿನ ಬಳಿ ಶಾಖೆ ತೆರೆಯಲು ನಿಶ್ಚಯಿಸಿದಾಗ, ಹೊಸ ಗೇಮನ್ನು ಎಲ್ಲರಿಗಿಂತ ಮೊದಲು ನನಗೆ ತೋರಿಸಿ, ಅದರ ಪ್ರಚಾರದ ಭಾರವನ್ನು ನನಗೆ ವಹಿಸಿದಿರಿ. ಪರದೆಯ ಒಂದು ಮೂಲೆಯಿಂದ ನೀರು ಬರುತ್ತದೆ. ಅದು ಬರುವುದರೊಳಗೆ ಆಡುವವನು ಪೈಪಿನ ತುಂಡುಗಳನ್ನು ಜೋಡಿಸುತ್ತಾ ಹೋಗಬೇಕು, ತಪ್ಪಿದರೆ ನೀರು ಚೆಲ್ಲಿ ಗೇಮ್ ಓವರ್. ಅದರ ಇಂಗ್ಲಿಷ್ ಹೆಸರು ನಮ್ಮವರ ಬಾಯಿಗೆ ಬರುವುದಿಲ್ಲವೆಂದೂ, ಕನ್ನಡಕ್ಕೂ ಮರಾಠಿಗೂ ಒಂದೇ ಹೆಸರು ಆಗಬೇಕೆಂದೂ ಯೋಚಿಸಿ, ತಾವು ಅದಕ್ಕೆ ‘ನಳ’ ಎಂದು ನಾಮಕರಣ ಮಾಡಿದಿರಿ. ಗಡಿನಾಡಿನ ಐಕ್ಯಕ್ಕಾಗಿ ಇಷ್ಟು ಕಡಿಮೆ ಅಕ್ಷರಗಳಲ್ಲಿ ಇಷ್ಟು ದೊಡ್ಡ ಸೇವೆ ಮಾಡಿದವರು ಬೇರೊಬ್ಬರಿಲ್ಲ. ತಮ್ಮ ಹ್ಯಾಂಡ್‌ಬಿಲ್ಲಿನ ಪೂರ್ಣ ಪಾಠವನ್ನು ಇಲ್ಲಿ ಸಾರ್ವಜನಿಕರ ಅವಗಾಹನೆಗೆ ಕೊಡುತ್ತಿದ್ದೇನೆ: ‘ಬರುತ್ತಿದೆ! ಬರುತ್ತಿದೆ! ಐಗಳಿಗೆ ನಳ! ಬಸವ ಜಯಂತಿಯಿಂದ ಆರಂಭ. ನೀರು ಬರುವ ಮೊದಲು ಪೈಪು ಜೋಡಿಸಿರಿ!’

ಮಾನ್ಯರೇ, ಐಗಳಿಯ ನಮ್ಮ ಓಣಿಗೆ ನೀರು ಬರುವ ನಳವಿಲ್ಲ. ಬರುತ್ತದೆ ಎಂದು ನಾನು ಹುಟ್ಟುವ ಮೊದಲಿನಿಂದ ಕೇಳುತ್ತಿದ್ದೇವೆ. ಓಣಿಯವರೆಲ್ಲ ನನ್ನ ದ್ರಾಕ್ಷಿ ತೋಟದ ಬಾವಿಯಿಂದ ಕೊಡ ಹೊತ್ತು ತರುತ್ತಾರೆ. ಅಂಥ ಓಣಿಯ ಪ್ರತಿ ಗೋಡೆಗೂ ನಾನು ನನ್ನ ಕೈಯಿಂದಲೇ ಅಂಟು ಹಚ್ಚಿ ಈ ಬಿಲ್ಲನ್ನು ಅಂಟಿಸಿದೆ. ಖುಷಿಯಲ್ಲಿ ನನಗೆ ಏನೂ ಹೊಳೆಯಲಿಲ್ಲ.

ಓಣಿಯ ಕೊನೆಗೆ, ದಿನ್ನೆಯ ಮೇಲೆ, ಹನ್ನೊಂದು ಕಲ್ಲಿನ ಮೆಟ್ಟಿಲು ಏರಿದರೆ ಸತ್ತೆವ್ವನ ಮನೆ. ನಾಲ್ಕು ಆಡು ಕಟ್ಟಿಕೊಂಡು ಒಬ್ಬಳೇ ಬದುಕುವ ಆಕೆಯನ್ನು ನಾನು ಚಿಕ್ಕಂದಿನಿಂದ ಅತ್ತಿ ಎಂದು ಕರೆಯುತ್ತೇನೆ. ಸಪಾಟು ನೆಲದ ಮೇಲೆ ಆಕೆ ನನಗಿಂತ ಜೋರಾಗಿ ನಡೆಯುತ್ತಾಳೆ, ಆದರೆ ತುಂಬಿದ ಕೊಡ ಹೊತ್ತು ಮೆಟ್ಟಿಲೇರಲು ಎರಡು ವರ್ಷದಿಂದ ಮೊಣಕಾಲು ಒಪ್ಪುತ್ತಿಲ್ಲ. ಬಿಲ್ಲು ಅಂಟಿಸುತ್ತಿದ್ದ ನನ್ನನ್ನು ಆಕೆ ನಿಲ್ಲಿಸಿ ಕೇಳಿದಳು: “ನಳಾ ಖರೇನ ಬರತೈತೇನೋ ಲಗಮಾ?” ನಾನು, “ಖರೇ ಅತ್ತಿ, ಕಣ್ಣಾರೆ ನೋಡಿ ಬಂದೇನಿ” ಅಂದೆ. “ದಿನಾ ಬಿಡ್ತಾರ?” ಅಂದಳು. “ದಿನಾ, ಮುಂಜಾನೆ ಹತ್ತರಿಂದ” ಅಂದೆ. “ಎಷ್ಟೊತ್ತು?” “ರೂಪಾಯಿಗೆ ಹತ್ತು ಮಿನಿಟ.” “ಆಗಲಿ ತಗೋ. ಕರೆಂಟ್ ಹ್ವಾದ್ರ?” “ಕರೆಂಟ್ ಹ್ವಾದ್ರ ಬಂದ್ ಅತ್ತಿ.” ಇಷ್ಟು ಪ್ರಶ್ನೆಗಳಲ್ಲಿ ಒಂದಕ್ಕಾದರೂ ನನ್ನ ಉತ್ತರ ಅಡ್ಡಾದಿಡ್ಡಿ ಆಗಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಎಲ್ಲವೂ ಸರಿಯಾಗಿ ಹೊಂದಿಕೊಂಡವು. ಮರುದಿನವೇ ಆಕೆ ಒಂದು ಆಡಿನ ಮರಿಯನ್ನು ಮಾರಿ, ಇಪ್ಪತ್ತು ಅಡಿಯ ಕರಿ ಪೈಪು ತಂದು, ಮೆಟ್ಟಿಲ ಮೇಲೆ ಮಲಗಿಸಿ ಅರಿಷಿಣ ಕುಂಕುಮ ಹಚ್ಚಿದಳು. ಆಕೆಯನ್ನು ನೋಡಿ ಪಕ್ಕದ ಸಾವಕ್ಕ, ಸಾವಕ್ಕನನ್ನು ನೋಡಿ ಎದುರು ಮನೆಯವರು, ಹೀಗೆ ಓಣಿಯ ಇಪ್ಪತ್ತಮೂರು ಮನೆಗಳೂ ತಮ್ಮ ಅಪ್ಪಣೆಯಂತೆ ನೀರು ಬರುವ ಮೊದಲು ಪೈಪು ತಂದವು.

ಬಸವ ಜಯಂತಿಯ ಮುಂಜಾನೆಯ ಆ ವೈಭವವನ್ನು ತಾವೇ ಕಂಡಿದ್ದೀರಿ. ತಮ್ಮ ಶಾಖೆಯ ಬಾಗಿಲ ಮೇಲೆ ಶೃಂಗಾರಕ್ಕೆಂದು ತಾವೂ ಒಂದು ಇಪ್ಪತ್ತು ಅಡಿಯ ಪೈಪನ್ನು ತೋರಣದಂತೆ ಇಳಿಬಿಟ್ಟು, ಅದಕ್ಕೆ ಚೆಂಡು ಹೂ ಸುತ್ತಿದ್ದಿರಿ. ಕೊಡ, ಬಕೀಟು, ಹೆಗಲ ಮೇಲೆ ಪೈಪು ಹೊತ್ತು ಬಂದ ಜನಸಾಗರವನ್ನು ಕಂಡು ತಾವು ಅವರೆಲ್ಲ ತಮ್ಮ ಅಭಿಮಾನಿಗಳೆಂದು ಗದ್ಗದಿತರಾದಿರಿ. ಸಾಲಿನಲ್ಲಿ ಮೊದಲು ನಿಂತಿದ್ದ ಸತ್ತೆವ್ವನ ಕೊರಳಿಗೆ ಹಾರ ಹಾಕಿ, ಟಿ.ವಿ.ಯ ಮುಂದೆ ಕಾಯಿ ಒಡೆದು, ಮೊದಲ ಆಟ ಪುಕ್ಕಟೆ ಎಂದು ಘೋಷಿಸಿ, ಆಕೆಯ ಕೈಗೆ ರಿಮೋಟು ಕೊಟ್ಟಿರಿ. ಪರದೆಯ ಮೂಲೆಯಿಂದ ನೀಲಿ ನೀರು ಹೊರಟಿತು. “ಅಜ್ಜೀ, ಲಗೂನ ಪೈಪ ಜೋಡಸ್ರಿ, ನೀರ ಬಂತು, ಸೋಲ್ತೀರಿ!” ಎಂದು ತಾವೇ ಕೂಗಿದಿರಿ. ಆಕೆ ತಮ್ಮನ್ನು ತಿರುಗಿ ನೋಡಿ, “ನೀರ ಬಂದ್ರ ಸೋಲು ಹೆಂಗ ಆಗತೈತೋ ತಮ್ಮಾ?” ಅಂದಳು. ಇಪ್ಪತ್ತು ದಿನದಿಂದ ಈ ಪ್ರಶ್ನೆ ನಮ್ಮ ಓಣಿಯಲ್ಲಿ ತಿರುಗುತ್ತಿದೆ.

ಆಕೆ ಎದ್ದು ಟಿ.ವಿ.ಯ ಹಿಂದೆ ಹೋಗಿ ಬಗ್ಗಿ ನೋಡಿದಳು. ಅಲ್ಲಿ ವೈರುಗಳಿದ್ದವು. ಹಾರವನ್ನು ತೆಗೆದು ಮಡಚಿ ಕೊಡದೊಳಗೆ ಹಾಕಿಕೊಂಡು, ನನ್ನ ಹತ್ತಿರ ಬಂದು, “ಕಣ್ಣಾರೆ ನೋಡೇನಿ ಅಂದಿದ್ದಿ ಅಲ್ಲೋ ಲಗಮಾ” ಅಂದಳು. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಮಾನ್ಯರೇ, ಆವತ್ತು ನನಗಾದ ನಾಚಿಕೆಯನ್ನು ವ್ಯಂಗ್ಯವಿಲ್ಲದೆ ಒಂದೇ ಸಾಲಿನಲ್ಲಿ ಬರೆದುಬಿಡುತ್ತೇನೆ: ಆ ಮುದುಕಿ ನನ್ನ ಮಾತು ನಂಬಿ ಮರಿ ಮಾರಿದ್ದಳು.

ಮುಂದಿನ ಕಥೆ ತಮಗೆ ಗೊತ್ತಿಲ್ಲ. ಓಣಿಯವರು ತಂದ ಪೈಪುಗಳನ್ನು ಹಿಂತಿರುಗಿಸಲು ಹೋದರೆ ಅಂಗಡಿಯವನು ತೆಗೆದುಕೊಳ್ಳಲಿಲ್ಲ. ಆಗ ಸತ್ತೆವ್ವನೇ, “ನಿಮ್ಮ ಬಾವ್ಯಾಗ ನೀರೈತಿ, ನಮ್ಮ ಹಂತ್ಯಾಕ ಪೈಪೈತಿ” ಅಂದು, ತನ್ನ ಪೈಪನ್ನು ತಂದು ಮೊದಲು ನನ್ನ ಮೋಟರಿಗೆ ಹಚ್ಚಿಸಿದಳು. ಅದರ ಹಿಂದೆ ಉಳಿದವು ಒಂದೊಂದಾಗಿ ಸೇರಿದವು. ಮೂರು ವರ್ಷ ರೂಪಾಯಿ ಕೊಟ್ಟು ಪರದೆಯ ಮುಂದೆ ಕೂತ ನಾನು, ಇಷ್ಟು ಸರಳವಾದ ಈ ಸಂಗತಿಯನ್ನು ಬಾವಿಯ ಮಾಲೀಕನಾಗಿದ್ದೂ ಒಮ್ಮೆಯೂ ಯೋಚಿಸಿರಲಿಲ್ಲ. ಇಪ್ಪತ್ತಮೂರು ಪೈಪುಗಳು ತೋಟ ದಾಟಿ, ರಸ್ತೆಯ ಮೋರಿ ದಾಟಿ, ಓಣಿಯುದ್ದಕ್ಕೂ ಬಂದು, ಸತ್ತೆವ್ವನ ಮೆಟ್ಟಿಲುಗಳ ಬುಡಕ್ಕೆ ಬಂದು ನಿಂತವು. ಒಂದು ಪೈಪು ಕಡಿಮೆ ಬಿತ್ತು.

ಒಂದು ಪೈಪು ಕೊಂಡರಾಯಿತಲ್ಲ ಎಂದು ತಾವು ಕೇಳಬಹುದು. ಅಥಣಿಗೆ ಹೋದೆ. ತಮ್ಮ ಹ್ಯಾಂಡ್‌ಬಿಲ್ಲಿನ ಕೃಪೆಯಿಂದ ಬರೀ ನಮ್ಮ ಓಣಿಯಲ್ಲ, ಸುತ್ತಲಿನ ಊರವರೂ ಕೊಂಡು ಮುಗಿಸಿದ್ದಾರೆ. ಅಂಗಡಿಯವನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಬರಲಿದೆ’ ಎಂದು ಬರೆದಿದ್ದಾನೆ.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮುಂದಿನ ಕ್ಯಾಸೆಟ್ಟಿನಲ್ಲಿ ನೀರು ನಮ್ಮ ತಾಲೂಕಿನ ಪದ್ಧತಿಯಂತೆ ಅರ್ಜಿ ಕೊಟ್ಟ ಮೂವತ್ತು ವರ್ಷದ ಮೇಲೆ ಬರುವಂತೆ ಮಾಡಬೇಕು, ಪೈಪು ಜೋಡಿಸಲು ಸಾಕಷ್ಟು ಪುರಸೊತ್ತು ಸಿಗುತ್ತದೆ. ಆಗದಿದ್ದರೆ ಪರದೆಯ ನೀರನ್ನೇ ಟಿ.ವಿ.ಯ ಹಿಂದಿನಿಂದ ಹೊರಗೆ ಬಿಡುವ ವ್ಯವಸ್ಥೆ ಮಾಡಬೇಕು, ಬಣ್ಣ ನೀಲಿ ಇದ್ದರೂ ಆಡುಗಳು ತಕರಾರು ಮಾಡುವುದಿಲ್ಲ. ಇವೆರಡೂ ತಮ್ಮ ಶಕ್ತಿ ಮೀರಿದವಾದರೆ, ತಮ್ಮ ಐಗಳಿ ಶಾಖೆಯ ಬಾಗಿಲ ಮೇಲೆ ಬಾಡಿದ ಚೆಂಡು ಹೂ ಹೊತ್ತು ಸುಮ್ಮನೆ ತೂಗುತ್ತಿರುವ ಆ ಇಪ್ಪತ್ತು ಅಡಿಯ ಪೈಪನ್ನು ಇಳಿಸಿ ಕೊಡಬೇಕು. ಹೂವು ತಾವೇ ಇಟ್ಟುಕೊಳ್ಳಬಹುದು.

ಅಲ್ಲಿಯವರೆಗೆ ನಾನು ಪ್ರತಿದಿನ ಹತ್ತು ಗಂಟೆಗೆ, ಅಂದರೆ ತಾವು ಶಟರ್ ಎತ್ತುವ ಹೊತ್ತಿಗೆ ಸರಿಯಾಗಿ, ಮೋಟರ್ ಚಾಲೂ ಮಾಡಿ ಆ ಮೆಟ್ಟಿಲ ಬುಡದಲ್ಲಿ ಹಾಜರಿರಬೇಕಾಗಿದೆ. ತಮ್ಮ ಆಟದಲ್ಲಿ ಒಂದು ಪೈಪು ಕಡಿಮೆ ಬಿದ್ದರೆ ಪರದೆಯ ಮೇಲೆ ಗೇಮ್ ಓವರ್ ಎಂದು ಬರುತ್ತದೆ. ನಮ್ಮ ಓಣಿಯಲ್ಲಿ ಸತ್ತೆವ್ವ ಅತ್ತಿಯ ಕೊಡ ನನ್ನ ಹೆಗಲಿಗೆ ಬರುತ್ತದೆ.

ಇಂತಿ, ಹನ್ನೊಂದು ಮೆಟ್ಟಿಲುಗಳ ಮೇಲಿನಿಂದ ತಮ್ಮ ಬಾಗಿಲನ್ನೇ ನೋಡುತ್ತಿರುವ

ತಮ್ಮ ವಿಶ್ವಾಸಿ,
ಲಗಮಣ್ಣ

ತಾ.ಕ.: ತಮ್ಮ ಹಲಗೆಯ ಮೇಲೆ ಮೊನ್ನೆ ‘ಅಥಣಿಗೆ ರೈಲು ಬರಲಿದೆ’ ಎಂಬ ಹೊಸ ಗೇಮಿನ ಪ್ರಕಟಣೆ ಕಂಡೆ. ಎಷ್ಟು ತಡೆದುಕೊಂಡರೂ ನನ್ನ ಎದೆ ಮೊದಲಿನಂತೆಯೇ ಹಾರಿತು. ಆದರೆ ಸತ್ತಿಯ ಆಬಾಸಾಹೇಬರಿಗೂ ಸುದ್ದಿ ಮುಟ್ಟಿದೆ. ಅವರು ಪ್ರಯಾಣಕ್ಕೆಂದು ಟ್ರಂಕು ತೊಳೆದು ಬಿಸಿಲಿಗೆ ಇಟ್ಟಿದ್ದಾರೆ, ಮತ್ತು ಈ ಸಲ ಟಿ.ವಿ.ಗೆ ಕೈ ಮುಗಿಯುವ ಉದ್ದೇಶ ಅವರಿಗಿಲ್ಲ.