ಕಣ್ಣಳತೆಯ ಹುಂಜ

ಒಂದು ವಿದ್ಯೆ ಕೈಗೆ ಹತ್ತಿದ ಮನುಷ್ಯನಿಗೆ ಉಳಿದ ಅರವತ್ತಮೂರೂ ತಾವಾಗಿಯೇ ಬಂದುಬಿಟ್ಟವು ಎಂದು ಅನಿಸುವುದುಂಟು. ನನ್ನದು ದರ್ಜಿ ಕೆಲಸ. ಮೂಡುಬಿದಿರೆ ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅಂಗಡಿ. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದ್ದದ್ದು ಅಲಂಕಾರಕ್ಕೆ ಮಾತ್ರ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು ಎಲ್ಲವೂ ನನ್ನ ಕಣ್ಣಿಗೆ ಸಿಕ್ಕಿಬಿಡುತ್ತಿದ್ದವು. ಇಂಚು ಹೋಗಿ ಸೆಂಟಿಮೀಟರ್ ಬರುತ್ತದಂತೆ ಎಂದು ಉಳಿದ ದರ್ಜಿಗಳು ತಲೆಕೆಡಿಸಿಕೊಂಡಿದ್ದ ಕಾಲದಲ್ಲೂ ನಾನು ನಿಶ್ಚಿಂತ. ಕಣ್ಣಿಗೆ ಯಾವ ಸರಕಾರದ ಅಳತೆ? ಬೇರೆ ಸಾಕ್ಷಿ ಬೇಡ, ನನ್ನ ಹೆಂಡತಿ ಗಿರಿಜೆಯ ರವಿಕೆಗೆ ಮದುವೆಯಾದಂದಿನಿಂದ ನಾನು ಟೇಪು ಹಿಡಿದವನಲ್ಲ. ಕಣ್ಣಲ್ಲೇ ಅಳೆದು ಹೊಲಿದದ್ದು. ಬಿಗಿ ಎಂದಾಗಲೀ ಸಡಿಲ ಎಂದಾಗಲೀ ಅವಳು ಒಂದು ದಿನವೂ ದೂರಿದ್ದಿಲ್ಲ.

ಇಂಥ ಕಣ್ಣಿಗೆ ಹಿತ್ತಿಲ ಕೋಳಿಮರಿ ಯಾವ ಲೆಕ್ಕ ಎಂದು ನಾನು ತಿಳಿದಿದ್ದರೆ ತಪ್ಪೇನು? ಬಲಿತ ಹುಂಜವನ್ನು ಕುರುಡನೂ ಗುರುತಿಸುತ್ತಾನೆ, ಅದೇ ಕೂಗಿ ಹೇಳುತ್ತದೆ. ಕಷ್ಟ ಇರುವುದು ಎಳೆಯದರಲ್ಲಿ. ಮರಿತನ ಬಿಟ್ಟು ಕೋಳಿತನ ಹಿಡಿಯದ ಆ ಹೊತ್ತಿನಲ್ಲಿ ಹೇಂಟೆಯೂ ಹುಂಜವೂ ಒಂದೇ ತಾಯಿಯ ಮಕ್ಕಳ ಹಾಗೆಯೇ ಕಾಣುತ್ತವೆ; ಮಕ್ಕಳು ಹೌದಲ್ಲ! ಅದಕ್ಕೆಂದೇ ನನ್ನಲ್ಲಿ ಪರೀಕ್ಷೆಗಳಿದ್ದವು. ಕಾಲು ಹಿಡಿದು ತಲೆಕೆಳಗೆ ತೂಗಿದಾಗ ತಲೆ ಎತ್ತಿದರೆ ಹುಂಜ, ಜೋತುಬಿಟ್ಟರೆ ಹೇಂಟೆ. ಮೇಲಿಂದ ಹೆಗಲ ಬೈರಾಸು ಬೀಸಿದಾಗ ಎದೆ ಸೆಟೆದು ನಿಂತರೆ ಹುಂಜ, ಮುದುಡಿ ಕೂತರೆ ಹೇಂಟೆ. ಮೊದಲನೆಯದನ್ನು ನನ್ನ ಅಜ್ಜ ಹೇಳಿಕೊಟ್ಟದ್ದು. ಎರಡನೆಯದು ಯಾರು ಹೇಳಿದ್ದೋ ನೆನಪಿಲ್ಲ, ನಾನೇ ಇರಬೇಕು.

ಈ ವಿದ್ಯೆಯ ಫಲವನ್ನು ಹೆಚ್ಚಾಗಿ ಉಂಡವನು ಕಲ್ಲಡ್ಕದ ಸಂಜೀವ. ಟೆರಿಲಿನ್ ತುಂಡುಗಳ ಗಂಟು ಹೊತ್ತುಕೊಂಡು ಆದಿತ್ಯವಾರ ನಮ್ಮಲ್ಲಿಗೆ ಬರುತ್ತಿದ್ದ ಬಟ್ಟೆ ವ್ಯಾಪಾರಿ. ಬಂದವನೇ ಗಂಟು ಇಳಿಸಿ, “ಎಂತ ಮಾರಾಯ, ಹಿತ್ತಿಲಲ್ಲಿ ಹುಂಜ ಉಂಟಾ?” ಎಂದು ಕೇಳುತ್ತಿದ್ದ. ಹೇಂಟೆಯಾದರೆ ಮೊಟ್ಟೆ ಇಡಬೇಕು, ಮುಟ್ಟುವ ಹಾಗಿಲ್ಲ. ಆದ್ದರಿಂದ ನಾನು ಬೈರಾಸು ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದೆ, ಒಂದು ಹುಂಜವನ್ನು ಆರಿಸಿ ತರುತ್ತಿದ್ದೆ. ಗಿರಿಜೆ ಅದನ್ನು ಕೊಯ್ದು ಶುಚಿಮಾಡುವಾಗ ಹೊಟ್ಟೆಯೊಳಗಿಂದ ಸಣ್ಣ ಸಣ್ಣ ಹಳದಿ ಮೊಟ್ಟೆಗಳ ಸಾಲು ಹೊರಬರುತ್ತಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ ಒಳಗೆ ಹೋಗುತ್ತಿದ್ದಳು. ಹಿತ್ತಿಲ ತುಂಬ ಕೋಳಿ ಓಡಾಡುವ ಮನೆಯವಳು ಮಗುವಿಗೊಂದು ಮೊಟ್ಟೆ ಬೇಯಿಸಲು ನೆರೆಮನೆಗೆ ಹೋಗಿ ಕೇಳಬೇಕಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಮೊಟ್ಟೆ ಇಡುವವರೆಗೆ ಬದುಕಿ ಉಳಿಯುವ ಒಂದೇ ಒಂದು ಹೇಂಟೆ. ಪಾಪ, ಹೆಚ್ಚಿನ ಆಸೆಯೇನಲ್ಲ. “ಇನ್ನು ಮೇಲೆ ಜಾಗ್ರತೆಯಾಗಿ ನೋಡ್ತೇನೆ” ಎಂದು ನಾನು ಪ್ರತಿಸಲವೂ ಹೇಳುತ್ತಿದ್ದೆ. ಸಂಜೀವ ಎಲುಬು ಚೀಪುತ್ತಾ, “ಹೇಂಟೆಯಾದರೆ ಎಂತ, ರುಚಿ ಉಂಟಲ್ಲ!” ಎನ್ನುತ್ತಿದ್ದ.

ಆ ವರ್ಷ ಪುತ್ತಿಗೆಯಲ್ಲಿರುವ ಅಮ್ಮನ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ತಂಬಿಲಕ್ಕೆ ಹುಂಜ ಕೊಡುವ ಸರದಿ ನಮ್ಮದಾಗಿತ್ತು. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ಸೇವೆ. ಯಜಮಾನರು ನನ್ನ ಸೋದರಮಾವ. ನಾನು ಹಿತ್ತಿಲಿಗಿಳಿದು ಎಲ್ಲ ಪರೀಕ್ಷೆ ಮಾಡಿ ಒಂದು ಕೆಂಪು ಮರಿಯನ್ನು ಹಿಡಿದು, “ಇದು ದೈವಕ್ಕೆ” ಎಂದು ಸಾರಿದೆ. ಜೊತೆಗಿದ್ದ ಬೂದು ಮರಿಯನ್ನು ಗಿರಿಜೆಯ ಕೈಯಲ್ಲಿಟ್ಟು, “ಇಕೋ ನಿನ್ನ ಹೇಂಟೆ. ಇದನ್ನು ಯಾರೂ ಮುಟ್ಟುವುದು ಬೇಡ” ಎಂದೆ. ಸಾಮಾನ್ಯವಾಗಿ ನನ್ನ ತೀರ್ಪಿಗೆ ಮುಖ ತಿರುವುವವಳು ಅಂದು, “ಹೌದು, ಕೆಂಪಿನದ್ದು ಹುಂಜವೇ. ನೋಡಿದರೆ ಗೊತ್ತಾಗ್ತದೆ” ಎಂದು ತಕ್ಷಣ ಒಪ್ಪಿಬಿಟ್ಟಳು. ಅಲ್ಲೇ ನನಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ, ಹೆಮ್ಮೆ ಬಂತು.

ದೈವಕ್ಕೆಂದು ಹೆಸರಿಟ್ಟ ಕೋಳಿಯ ವೈಭವ ಕೇಳಬೇಡಿ. ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಅದು ತುಳಿದು ಕೆದಕಿ ತಿಂದರೂ ಯಾರೂ ಹುಶ್ ಎನ್ನುವ ಹಾಗಿಲ್ಲ. ಸಂಜೀವ ಬಂದಾಗ ಜಗಲಿಯ ಮೇಲೆ ಅವನ ಪಕ್ಕದಲ್ಲೇ ಹೋಗಿ ನಿಲ್ಲುತ್ತಿತ್ತು. ಅವನು ಅದನ್ನು ಭಕ್ತಿಯಿಂದಲೂ ಹಸಿವಿನಿಂದಲೂ ನೋಡಿ, ಬಂಗುಡೆ ಮೀನಿನ ಸಾರಿನಲ್ಲಿ ಉಂಡು ಹೋಗುತ್ತಿದ್ದ. ಇತ್ತ ಬೂದು ಹೇಂಟೆ ಒಂದು ಬೆಳಿಗ್ಗೆ ಕುತ್ತಿಗೆ ಚಾಚಿ ಕೂಗಿತು. ಅಮ್ಮ ಗಾಬರಿಯಾಗಿ, “ಹೇಂಟೆ ಕೂಗಿದರೆ ಮನೆಗೆ ಒಳ್ಳೆಯದಲ್ಲ ಮಗಾ!” ಎಂದರು. “ಅದು ನೆರೆಮನೆಯ ಹುಂಜದ ಸಹವಾಸದೋಷ ಅಮ್ಮ” ಎಂದು ಸಮಾಧಾನ ಹೇಳಿ ನಾನು ಅಂಗಡಿಗೆ ಹೋದೆ. ಮದುವೆಯ ಕಾಲ, ಕೈತುಂಬ ಕೆಲಸ. ಆಮೇಲೆ ನಾನು ಆ ಕಡೆ ಕಣ್ಣು ಹಾಕಿದ್ದು ತಂಬಿಲದ ಬೆಳಿಗ್ಗೆಯೇ.

ಅಂದು ಬುಟ್ಟಿ ಹಿಡಿದು ದೈವದ ಹುಂಜವನ್ನು ಹುಡುಕಿದರೆ ಎಲ್ಲಿಯೂ ಇಲ್ಲ. ಕಡೆಗೆ ಬೈಹುಲ್ಲಿನ ರಾಶಿಯ ಹಿಂದೆ ಸಿಕ್ಕಿತು. ರೆಕ್ಕೆ ಹರಡಿ ಗಂಭೀರವಾಗಿ ಕೂತಿತ್ತು. ಎತ್ತಹೋದರೆ ಕುಕ್ಕಿತು. ಅದರ ಅಡಿಯಲ್ಲಿ ಬೆಚ್ಚಗಿನ ಮೊಟ್ಟೆಗಳ ಒಂದು ಗುಂಪೇ ಇತ್ತು. ದೈವಕ್ಕೆಂದು ನುಡಿದಾಗಿದೆ, ಅತ್ತ ಮಾವ ಕಾಯುತ್ತಿದ್ದಾರೆ, ಇತ್ತ ದೈವದ ಹುಂಜ ಕಾವಿಗೆ ಕೂತಿದೆ! “ಅಮ್ಮಾ!” ಎಂದು ಕೂಗಿಕೊಂಡೆ. ಅಮ್ಮ ಬಂದು ನೋಡಿ, “ನೀನು ಮಾವನಿಗೆ ಒಪ್ಪಿದ್ದು ಒಂದು ಹುಂಜ ಕೊಡ್ತೇನೆ ಅಂತ ಅಲ್ವಾ? ಹುಂಜ ಯಾವುದೂಂತ ದೈವಕ್ಕೆ ಗೊತ್ತುಂಟು. ಅದಕ್ಕೆ ಕಣ್ಣು ಕಾಣ್ತದೆ” ಎಂದರು. ಅಷ್ಟರಲ್ಲಿ ಗಿರಿಜೆ ಬೂದು ಕೋಳಿಯ ಕಾಲು ಕಟ್ಟಿ ತಂದಳು. ಕೆಂಪು ಜುಟ್ಟು, ಬಾಗಿದ ಬಾಲ, ಅರಸುಕುಮಾರನಂಥ ಹುಂಜ. ನಾನು ಅದನ್ನು ಬುಟ್ಟಿಗೆ ಹಾಕಿಕೊಂಡು ಪುತ್ತಿಗೆಯ ದಾರಿ ಹಿಡಿದೆ.

ಮಾವ ಹುಂಜವನ್ನು ಎತ್ತಿ ತೂಗಿ ನೋಡಿ ಎಲ್ಲರೆದುರಿಗೆ, “ಆರಿಸಿದರೆ ಹೀಗೆ ಆರಿಸಬೇಕು. ದರ್ಜಿಯ ಕಣ್ಣು ಅಂದ್ರೆ ಕಣ್ಣೇ!” ಎಂದರು. ದೊಡ್ಡವರ ಮಾತನ್ನು ಅಲ್ಲಗಳೆಯಬಾರದೆಂದು ನಾನು ಸುಮ್ಮನೆ ತಲೆ ತಗ್ಗಿಸಿದೆ.

ಮರುದಿನ ಮನೆಗೆ ಬಂದು ಆ ಹೊಗಳಿಕೆಯನ್ನು ಗಿರಿಜೆಗೆ ಒಪ್ಪಿಸಿದಾಗ ಅವಳು ಮಗುವಿಗೆ ಮೊಟ್ಟೆ ಸುಲಿದುಕೊಡುತ್ತಿದ್ದಳು. ಎಷ್ಟು ಸಂತೋಷದ ಮುಖ! “ಕೆಂಪಿನದ್ದು ಹೇಂಟೆ ಅಂತ ನನಗೆ ಮೊದಲೇ ಗೊತ್ತಿತ್ತು. ದೈವಕ್ಕೆ ಅಂದ ಮೇಲೆ ನಿಮ್ಮ ಸಂಜೀವಣ್ಣ ಮುಟ್ಟುವುದಿಲ್ಲವಲ್ಲ, ಅದಕ್ಕೆ ಹೌದು ಅಂದೆ” ಎಂದಳು. ನನಗೆ ನಗುವೂ ಬಂತು, ಸ್ವಲ್ಪ ಅವಮಾನವೂ ಆಯಿತು. “ಕೋಳಿಯ ವಿಷಯದಲ್ಲಿ ಒಮ್ಮೆ ತಪ್ಪಿರಬಹುದು. ನಿನ್ನ ರವಿಕೆಯಲ್ಲಿ ಎಂದಾದರೂ ನನ್ನ ಕಣ್ಣು ತಪ್ಪಿದ್ದುಂಟಾ?” ಎಂದು ಕೇಳಿದೆ. ಕೇಳಬಾರದಾಗಿತ್ತು.

ಗಿರಿಜೆ ಮೊಟ್ಟೆಯ ಸಿಪ್ಪೆಯನ್ನು ಬದಿಗಿಟ್ಟು ಕೈ ಒರಸಿಕೊಂಡಳು. “ಪ್ರತಿಸಲವೂ ನೀವು ಅಂಗಡಿಗೆ ಹೋದ ಮೇಲೆ ಹೊಲಿಗೆ ಬಿಚ್ಚಿ, ನನ್ನ ಅಳತೆಗೆ ಹೊಲಿದುಕೊಳ್ತೇನೆ” ಎಂದಳು.