ಗಂಟಿಲ್ಲದ ಹೊಲಿಗೆ

ನನ್ನ ಹೆಂಡತಿಯ ದೂರು ಒಂದೇ: ಊರವರ ಬಟ್ಟೆ ಹೊಲಿಯಬೇಕಾದ ನಾನು ಈಚೆಗೆ ಒಂದು ಹಕ್ಕಿಯ ಬಾಣಂತನಕ್ಕೆ ನಿಂತಿದ್ದೇನೆ.

ದೂರು ನಿಜ. ನಮ್ಮ ಮನೆಯ ಮುಂಗೋಣೆಯೇ ನನ್ನ ಟೈಲರ್ ಅಂಗಡಿ. ಕಿಟಕಿಯಾಚೆ ಅವಳ ಕುಂಡದ ಗಿಡ. ಅದರ ಎರಡು ಅಗಲ ಎಲೆಗಳನ್ನು ಕೂಡಿಸಿ, ಬೆರಳುದ್ದದ ಸಿಂಪಿಗ ಹಕ್ಕಿಯೊಂದು ಗೂಡು ಹೊಲಿದಿತ್ತು. ಕೊಕ್ಕೇ ಸೂಜಿ. ದಾರ? ನನ್ನ ಅಂಗಡಿಯ ಕಸದಿಂದ ಹೆಕ್ಕಿದ ಬಿಳಿ ನೂಲು! ಅಂದಿನಿಂದ ನನ್ನ ಎದೆಯಳತೆ ಎರಡಿಂಚು ಹೆಚ್ಚಿದೆ. (ಟೇಪು ಹಿಡಿದು ನೋಡಿದ್ದೇನೆ.)

“ನಮ್ಮ ಕಸುಬಿನವಳು ಕಣೇ!” ಎಂದೆ.

“ಹೌದು, ಒಂದೇ ವ್ಯತ್ಯಾಸ. ಅವಳು ಹೇಳಿದ ಹೊತ್ತಿಗೆ ಮುಗಿಸ್ತಾಳೆ. ವಕೀಲರ ಕೋಟಿಗೆ ಇನ್ನೂ ತೋಳೇ ಬಂದಿಲ್ಲ.”

ಮೊಟ್ಟೆಯೊಡೆದು ಮರಿಗಳು ಬಂದ ಮೇಲೆ ಆ ಹಿಡಿಯಷ್ಟೂ ಇಲ್ಲದ ಜೀವಕ್ಕೆ ಎಲ್ಲಿಲ್ಲದ ಪೌರುಷ ಬಂತು. ಪಕ್ಕದ ಮನೆಯ ಬೆಕ್ಕು ಸುಳಿದರೆ ಬಾಲ ನಿಗುರಿಸಿ, ಗಂಟಲು ಹರಿಯುವಂತೆ ಕೂಗಿ, ಬೀದಿಯ ತುದಿಯವರೆಗೆ ಅಟ್ಟುತ್ತಿತ್ತು. ಹೆಂಡತಿ ಗಿಡಕ್ಕೆ ನೀರೆರೆದರೆ ಮಾತ್ರ ಸುಮ್ಮನಿರುತ್ತಿತ್ತು. ನಾನು ಕಿಟಕಿಯಲ್ಲಿ ಮೂಗು ತೋರಿಸಿದರೆ ಸಾಕು, ಬೈಗುಳದ ಮಳೆ.

“ಮನುಷ್ಯರ ಯೋಗ್ಯತೆ ತಿಳ್ಕೊಂಡಿದೆ,” ಎಂದಳು ಹೆಂಡತಿ.

ಒಂದು ದಿನ ಗಾಳಿಗೆ ಗೂಡು ಓಲಾಡುತ್ತಿತ್ತು. ಹಕ್ಕಿ ಹುಳು ತರಲು ಹೋದಾಗ ಹತ್ತಿರ ಹೋಗಿ ಬಗ್ಗಿ ನೋಡಿದೆ. ಒಂದು ಹೊಲಿಗೆಗೂ ಗಂಟಿಲ್ಲ! ಎಲೆಯ ತೂತಿನಲ್ಲಿ ದಾರ ಎಳೆದು, ತುದಿಯನ್ನು ಹಿಂಜಿ ಬಿಟ್ಟಿದೆ, ಅಷ್ಟೆ. ನನಗೆ ಕಸುಬು ಕಲಿಸಿದ ಗುರುಗಳು ಗಂಟು ಮರೆತವರ ಬೆರಳಿಗೆ ಕತ್ತರಿಯ ಹಿಡಿಯಿಂದ ಬಾರಿಸುತ್ತಿದ್ದರು. ಒಳಗೆ ಮೂರು ಮರಿ, ಕೆಳಗೆ ಬೆಕ್ಕು. ಸಹೋದ್ಯೋಗಿಯಾದ ನಾನು ಸುಮ್ಮನಿರಲು ಸಾಧ್ಯವೆ? ಸೂಜಿಗೆ ನೂಲು ಪೋಣಿಸಿ, ಎಲೆಯಂಚಿಗೆ ನಾಲ್ಕು ಹೊಲಿಗೆ ಹಾಕಿ, ನನ್ನ ಹೆಸರಾಂತ ಗಂಟು ಬಿಗಿದೆ. ಯಾರ ಕಾಲರಿಗೂ ಅಷ್ಟು ಅಂದವಾಗಿ ಹೊಲಿದವನಲ್ಲ.

ಹಕ್ಕಿ ಮರಳಿತು, ಕೊಕ್ಕಿನಲ್ಲಿ ಹುಳು. ಗೂಡಿಗೆ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ಆಗ ನನಗೆ ಹೊಳೆಯಿತು: ನಾನು ಭದ್ರಪಡಿಸಿದ್ದು ಅದರ ಬಾಗಿಲನ್ನು.

ಹುಳು ಕೆಳಗೆ ಬಿತ್ತು. ಹಕ್ಕಿ ನೇರ ನನ್ನ ಬೋಳುತಲೆಗೆ ಎರಗಿ ಕುಕ್ಕಿತು. ಎಲ್ಲಿಂದಲೋ ಅದರ ಗಂಡನೂ ಬಂದು ಸೇರಿಕೊಂಡ. ಎಲೆಯೊಳಗೆ ಮರಿಗಳ ಸದ್ದೇ ಇಲ್ಲ. ಕತ್ತರಿ ಹಿಡಿದು ಗೂಡಿನತ್ತ ಬಾಗಿದೆ. ಕೂದಲೆಳೆಯಷ್ಟು ತಪ್ಪಿದರೂ ಮರಿಯ ಕತ್ತು.

“ಏ, ಬೇಗ ಬಾರೇ!”

ಓಡಿಬಂದವಳು ನೋಡಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಬಾಗಿಲನ್ನೇ ಹೊಲಿದುಬಿಟ್ರಾ?”

“ಗಂಟಿರಲಿಲ್ಲ ಕಣೇ...”

“ಆ ಗಂಟನ್ನ ನಿಮ್ಮ ಬಾಯಿಗೆ ಹಾಕ್ಬೇಕಿತ್ತು. ಕೊಡಿ ಕತ್ತರಿ, ದೂರ ನಿಲ್ಲಿ!”

ಉಸಿರು ಬಿಗಿಹಿಡಿದು ನಾನು ಹಾಕಿದ ಒಂದೊಂದೇ ಹೊಲಿಗೆ ಕತ್ತರಿಸಿದಳು. ಎಲೆ ಬಾಯಿ ಬಿಟ್ಟಿತು. ಒಳಗೆ ಮೂರು ಪುಟ್ಟ ಹಳದಿ ಬಾಯಿಗಳೂ ತೆರೆದುಕೊಂಡವು. ಅವಳು ಕೈ ತೆಗೆಯುವಷ್ಟೂ ಕಾಯದೆ ತಾಯಿ ಒಳಗೆ ತೂರಿತು. ನನ್ನ ಕಣ್ಣು ಮಂಜಾದದ್ದು ತಲೆಯ ಗಾಯದ ಉರಿಗೆ. (ಹೆಂಡತಿಗೂ ಹಾಗೆಯೇ ಹೇಳಿದ್ದೇನೆ.)

ಮರಿಗಳು ಹಾರಿಹೋದವು. ಒಣಗಿದ ಗೂಡು ಈಗ ಅಂಗಡಿಯ ಗೋಡೆಯ ಮೇಲಿದೆ. ಅದರ ಒಂದು ಹೊಲಿಗೆಯೂ ಬಿಚ್ಚಿಲ್ಲ.

ಮೊನ್ನೆ ವಕೀಲರು, ನಾನು ಅಂತೂ ಹೊಲಿದುಕೊಟ್ಟಿದ್ದ ಕೋಟು ಹಿಡಿದು ಬುಸುಗುಡುತ್ತ ಬಂದರು. ವಾದ ಮಾಡುತ್ತ ಕೈಯೆತ್ತಿದಾಗ ತೋಳು ಕಳಚಿ ಬಂತಂತೆ. ಬೈಯಲು ಬಾಯಿ ತೆರೆದವರು ಗೋಡೆ ನೋಡಿ ಮೆತ್ತಗಾದರು.

“ಅಬ್ಬಾ, ಎಂಥಾ ಹೊಲಿಗೆ ರೀ! ಯಾರ ಕೈಕೆಲಸ?”

ನಾನು ಎದೆಯುಬ್ಬಿಸುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು: “ಯಾರದಾದ್ರೂ ಆಗ್ಲಿ, ನಿಮ್ಮ ತೋಳು ಹೊಲಿದವರದಲ್ಲ!”

ಕೋಟಿನ ತೋಳಿಗೆ ಸೂಜಿ ಚುಚ್ಚುತ್ತ, ತಗ್ಗಿಸಿದ ತಲೆ ಎತ್ತದೆ ಹೇಳಿದೆ:

“ದಾರ ಮಾತ್ರ ನಮ್ಮ ಅಂಗಡೀದು ಸಾರ್.”