ಕಸದ ಬುಟ್ಟಿ ಇಲ್ಲದ ಮನೆ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ, ಕೆಲವರು ಹೋದಲ್ಲೆಲ್ಲ ಕರೆಂಟು ಹೋಗುತ್ತದಂತೆ. ನನ್ನ ಹಣೆಬರಹವೇ ಬೇರೆ. ನಾನು ಏನನ್ನಾದರೂ ಇನ್ನೇನು ಎಸೆಯಬೇಕು ಅನ್ನುವಷ್ಟರಲ್ಲಿ ಯಾರೋ ಒಬ್ಬರು ಆ ವಸ್ತುವನ್ನು ಕೈಯಿಂದ ಕಿತ್ತುಕೊಂಡು, ಅದರಿಂದ ಏನೋ ಒಂದು ಮಾಡಿ ತೋರಿಸಿ, ನನ್ನ ಬಾಯಿ ಮುಚ್ಚಿಸುತ್ತಾರೆ. ನನ್ನ ಬಾಯಿ ಮುಚ್ಚಿಸುವುದು ಸಾಮಾನ್ಯ ಸಂಗತಿಯಲ್ಲ, ನನ್ನ ಹೆಂಡತಿಯನ್ನು ಕೇಳಿ ನೋಡಿ. ತುಮಕೂರು ಕಡೆಯವನು, ಬಿ.ಎಸ್ಸಿ. ಕೆಮಿಸ್ಟ್ರಿ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಬಣ್ಣದ ಲ್ಯಾಬಿನಲ್ಲಿ ಮೂವತ್ತು ವರ್ಷ ಬೀಕರು ಅಲ್ಲಾಡಿಸಿ ನಿವೃತ್ತನಾದೆ. ಕಲಿತದ್ದಷ್ಟೂ ಸುಳ್ಳಾಗುವುದನ್ನು ನೋಡಿ ಇಷ್ಟು ಖುಷಿಪಟ್ಟವನು ಇನ್ನೊಬ್ಬನಿರಲಾರ.

ಫೇಲಾದ ಬಣ್ಣಗಳ ಕುರ್ಚಿ

ಲ್ಯಾಬಿನಲ್ಲಿ ನನ್ನ ಕೆಲಸ, ಬಟ್ಟೆಯ ಬಣ್ಣ ಗಿರಾಕಿ ಕೊಟ್ಟ ಮಾದರಿಗೆ ಸರಿಹೊಂದುತ್ತದೋ ಇಲ್ಲವೋ ನೋಡಿ ಪಾಸು ಅಥವಾ ಫೇಲು ಮಾಡುವುದು. ಒಮ್ಮೆ ವಿದೇಶದಿಂದ ಗಿರಾಕಿ ಕಂಪನಿಯ ಹೆಂಗಸೊಬ್ಬರು ಬಂದರು. ನಾವು ವೇಸ್ಟ್ ಬಟ್ಟೆಯನ್ನು ಏನು ಮಾಡುತ್ತೇವೆಂದು ಅವರು ನೋಡಬೇಕಿತ್ತು. ನಮ್ಮ ಮ್ಯಾನೇಜರು ಪರದೆ ಇಳಿಬಿಟ್ಟು, ಬಾಣದ ಗುರುತುಗಳೆಲ್ಲ ಹಸಿರು ಬಣ್ಣದಲ್ಲಿ ಸುತ್ತುವ ಚಿತ್ರಗಳನ್ನು ಒಂದು ಗಂಟೆ ತೋರಿಸಿದರು. ಆ ಹೆಂಗಸು ಆಕಳಿಸಿ ಗೇಟಿನ ಹತ್ತಿರ ಗಾಳಿಗೆಂದು ಬಂದರೆ, ಅಲ್ಲಿ ನಮ್ಮ ವಾಚ್‌ಮನ್ ತಾತನ ಕುರ್ಚಿ!

ಮುರಿದ ಕಬ್ಬಿಣದ ಕುರ್ಚಿಗೆ ತಾತ ಬನಿಯನ್ ಚೂರುಗಳನ್ನು ಹೊಸೆದು ಹಗ್ಗ ಮಾಡಿ ಹೆಣೆದಿದ್ದ. ಕಾಮನಬಿಲ್ಲು ನಾಚಬೇಕು. ಹೆಂಗಸು ಬಗ್ಗಿ ಒಂದು ಕಿತ್ತಳೆ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನಾವು ಬೇಡ ಅಂದ ಕಿತ್ತಳೆ ಅಲ್ಲವೇ?" ಎಂದರು. ನಾನೂ ಬಗ್ಗಿದೆ. ಹಸಿರು, ನೇರಳೆ, ಗಿಳಿಬಣ್ಣ... ನೋಡುತ್ತ ಹೋದರೆ ನಾನು ಫೇಲು ಮಾಡಿದ ಅಷ್ಟೂ ಬಣ್ಣ ಆ ಕುರ್ಚಿಯಲ್ಲಿ ಸಾಲಾಗಿ ಕೂತಿದ್ದವು.

ತಾತ ಎದ್ದು ಸಲಾಂ ಹೊಡೆದು ತಮಿಳಿನಲ್ಲಿ ಹೇಳಿದ: "ಸಾರ್ ಫೇಲು ಮಾಡಿದ್ದೆಲ್ಲ ನನ್ನಲ್ಲಿ ಪಾಸು ಅಮ್ಮಾ. ಸಾರ್ ಇನ್ನೂ ಸ್ವಲ್ಪ ಕೆಟ್ಟದಾಗಿ ಕೆಲಸ ಮಾಡಿದ್ದರೆ ಮಂಚವೂ ಆಗುತ್ತಿತ್ತು."

ಎರಡು ಬುಟ್ಟಿಗಳ ಕಥೆ

ಈ ತಾತನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಆದರೆ ನಾನು ನನ್ನ ಅತ್ತೆಯ ಮನೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಇದ್ದವನೇ ಅಲ್ಲವಲ್ಲ!

ಅತ್ತೆಯ ಊರು ನೆಗಮಂ. ತಲೆತಲಾಂತರದ ನೇಕಾರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ವಯಸ್ಸು ಎಪ್ಪತ್ತೆಂಟು. ಮಂಡಿ ನೋವೆಂದು ಮಗ್ಗದಿಂದ ಇಳಿದು ಮೂರು ವರ್ಷವಾಗಿತ್ತು. ಪವರ್‌ಲೂಮ್ ನಡೆಸುವ ಭಾವಮೈದುನ ಆ ಮಗ್ಗ ಬಿಚ್ಚಿಸಿ, ಅಲ್ಲಿ ತಾಯಿಗೇ ಒಂದು ಎ.ಸಿ. ಕೋಣೆ ಮಾಡಿಸಬೇಕೆಂದಿದ್ದ. ಅಷ್ಟರಲ್ಲಿ ನನ್ನ ಮಗಳು ತುಡಿಯಲೂರಿನಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದಳು. ಅತ್ತೆ ಎಲ್ಲರೆದುರು ಸೊಂಟಕ್ಕೆ ಸೆರಗು ಸಿಕ್ಕಿಸಿ ಮಗನಿಗೆ ಹೇಳಿದರು:

"ನನ್ನ ಪೇತ್ತಿ ನಾನು ನೆಯ್ದ ಸೀರೆ ಉಟ್ಟೇ ಹೊಸಿಲು ದಾಟಬೇಕು. ಮುಹೂರ್ತದ ಒಳಗೆ ಸೀರೆ ಮುಗಿದ್ರೆ ಮಗ್ಗ ಇದ್ದಲ್ಲೇ ಇರುತ್ತೆ. ಮುಗೀಲಿಲ್ಲ ಅಂದ್ರೆ ನೀನೇ ಬಿಚ್ಚಿ ಒಲೆಗೆ ಹಾಕ್ಕೋ."

ಪೇತ್ತಿ ಎಂದರೆ ಮೊಮ್ಮಗಳು, ನನ್ನ ಮಗಳು. ಇದ್ದದ್ದು ಇಪ್ಪತ್ತೆರಡು ದಿನ. ಸಹಾಯಕ್ಕೆಂದು ನಾನೂ ನನ್ನ ಹೆಂಡತಿಯೂ ನೆಗಮಂಗೆ ಹೋಗಿ ಇಳಿದೆವು. ಬರಿಗೈಯಲ್ಲಿ ಹೋಗಬಾರದೆಂದು ನಾನು ಎರಡು ಕಸದ ಬುಟ್ಟಿ ಒಯ್ದೆ, ಹಸಿಕಸಕ್ಕೆ ಹಸಿರು, ಒಣಕಸಕ್ಕೆ ನೀಲಿ. ಪರಿಸರದ ಬಗ್ಗೆ ಅತ್ತೆಗೆ ಹತ್ತು ನಿಮಿಷ ಉಪನ್ಯಾಸವನ್ನೂ ಕೊಟ್ಟೆ. ಅವರು ತುಂಬ ಗಮನವಿಟ್ಟು ಕೇಳಿದರು.

ಮರುದಿನ ನೋಡಿದರೆ ಹಸಿರು ಬುಟ್ಟಿಯಲ್ಲಿ ರಾಗಿ, ನೀಲಿ ಬುಟ್ಟಿಯಲ್ಲಿ ನೂಲಿನ ಲಡಿ!

"ಏನ್ ಮಾಪಿಳ್ಳೆ, ಇಷ್ಟು ಚೆಂದದ ಡಬ್ಬಕ್ಕೆ ಯಾರಾದ್ರೂ ಕುಪ್ಪೆ ಹಾಕ್ತಾರಾ?" ಎಂದರು ಅಳಿಯನಾದ ನನಗೆ.

"ಹಾಗಾದರೆ ಕಸ ಎಲ್ಲಿ ಹಾಕುತ್ತೀರಿ ಅತ್ತೆ?"

ಅತ್ತೆ ನಿಜವಾಗಿಯೂ ಯೋಚಿಸಿದರು. ತರಕಾರಿ ಸಿಪ್ಪೆ ಆಡಿಗೆ, ಆಡಿನ ಹಿಕ್ಕೆ ತೆಂಗಿಗೆ, ತೆಂಗಿನ ಚಿಪ್ಪು ಸೌಟಿಗೆ, ಸೌಟು ಒಡೆದರೆ ಒಲೆಗೆ, ಒಲೆಯ ಬೂದಿ ಪಾತ್ರೆಗೆ. ಬೆರಳು ಮಡಚುತ್ತ ಇಡೀ ಮನೆ ಸುತ್ತಿ ಬಂದು, ಕೊನೆಗೆ ನನ್ನ ಕಡೆ ಕನಿಕರದಿಂದ ನೋಡಿದರು. "ಇಲ್ಲ ಮಾಪಿಳ್ಳೆ. ಈ ಮನೆಯಲ್ಲಿ ವೇಲೆ-ಕೆಲಸ ಇಲ್ಲದೆ ಇರೋದು ಈಗ ನೀವೊಬ್ಬರೇ."

ಕಾಗೆ ಕಾಯುವ ನಾಯಕರು

ಕೆಲಸವಿಲ್ಲದ ನನಗೆ ಮೊದಲು ಸಿಕ್ಕ ಹುದ್ದೆ ಸಂಡಿಗೆ ಕಾಯುವುದು. ಕೋಲು ಹಿಡಿದು ಟೆರೇಸಿಗೆ ಹತ್ತಿದರೆ ಅಲ್ಲಿ ಆಗಲೇ ಒಬ್ಬರು ಕಾವಲಿದ್ದರು. ಕಳೆದ ಚುನಾವಣೆಯ ಫ್ಲೆಕ್ಸ್ ಬ್ಯಾನರು! ಎರಡು ಬಿದಿರಿಗೆ ಬಿಗಿದು ನಿಲ್ಲಿಸಿದ ಆ ಊರಿನ ನಾಯಕರು, ಆಳೆತ್ತರ, ಕೈ ಮುಗಿದು, ಹಲ್ಲು ಬಿಟ್ಟು ನಗುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಮುಗಿದ ಕೈ ಪಟಪಟ ಅಲ್ಲಾಡುತ್ತಿತ್ತು. ಪಕ್ಕದ ಟೆರೇಸಿನಲ್ಲಿ ಕಾಗೆಗಳ ಮಹಾಸಭೆ ಸೇರಿದ್ದರೂ ನಮ್ಮ ಸಂಡಿಗೆಗೆ ಒಂದು ಕಾಗೆಯೂ ಕೊಕ್ಕು ಇಟ್ಟಿರಲಿಲ್ಲ. ನಾನು ಕೋಲು ಕೆಳಗಿಟ್ಟು ಮನಸ್ಸಿನಲ್ಲೇ ಕೈ ಮುಗಿದೆ, ನಾಯಕರಿಗಲ್ಲ, ಅತ್ತೆಗೆ.

ಆ ವಾರ ಮತ ಕೇಳಲು ನಾಯಕರೇ ಬೀದಿಗೆ ಬಂದರು. ತಲೆಯೆತ್ತಿದವರಿಗೆ ತಮ್ಮದೇ ಮುಖ ಕಂಡು ಕಣ್ಣು ತುಂಬಿ ಬಂತು.

"ಪಾಟೀ, ನನ್ನನ್ನು ಇಷ್ಟು ವರ್ಷ ಮನೆಯ ನೆತ್ತಿಯ ಮೇಲೆ ಇಟ್ಟುಕೊಂಡಿದ್ದೀರಾ!" ಎಂದರು, ಅತ್ತೆಯನ್ನು ತಮ್ಮ ಅಜ್ಜಿಯಾಗಿಸಿಕೊಂಡು.

"ಪಿನ್ನೆ? ಇಟ್ಕೊಳ್ಳದೆ ಇರ್ತೀನಾ? ನೀನು ನಿಂತ ಮೇಲೆ ಒಂದು ಕಾಗೆ ಬರಲಿಲ್ಲಪ್ಪಾ," ಎಂದರು ಅತ್ತೆ. ನಾಯಕರ ಕಣ್ಣು ಒರೆಸುತ್ತಿದ್ದ ಟವೆಲ್ಲು ಅಲ್ಲೇ ನಿಂತಿತು. ಅತ್ತೆ ಅಷ್ಟಕ್ಕೆ ಬಿಡಲಿಲ್ಲ. "ಈ ಸಲ ಹಾಕಿಸುವಾಗ ಸ್ವಲ್ಪ ದಪ್ಪ ಶೀಟಲ್ಲಿ ಹಾಕಿಸು. ಆಡಿನ ಕೊಟ್ಟಿಗೆ ಸೋರುತ್ತೆ."

ಕರಿಬೇವಿಗೆ ಹೋದ ಗಂಜಿ

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲನ್ನು, ಅಲ್ಲಿಯವರು ಪಾವು ಎನ್ನುತ್ತಾರೆ, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಹಚ್ಚಿ, ಕುಂಚದಿಂದ ಬಾಚಬೇಕು. ಆಗ ಎಳೆ ಗಟ್ಟಿಯಾಗುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ಈಗ ಎಲ್ಲರೂ ಗಂಜಿ ಹಾಕಿದ ನೂಲನ್ನೇ ತರುತ್ತಾರೆ. ಅತ್ತೆ ಮಾತ್ರ ಈ ಸೀರೆಗೆ ಹಳೆಯ ಪದ್ಧತಿಯೇ ಆಗಬೇಕೆಂದು ಎರಡು ದಿನ ಗಂಜಿ ಹುಳಿಯಿಟ್ಟಿದ್ದರು.

ನನಗೋ ಬುಟ್ಟಿಯಲ್ಲಾದ ಅವಮಾನ ತೀರಿಸಿಕೊಳ್ಳುವ ಆತುರ. ಬೆಳಗಿನ ಐದೂವರೆಗೆ ಹಿತ್ತಲಿಗೆ ಹೋದರೆ ಮಡಕೆಯೊಂದರಲ್ಲಿ ಹಳಸಿದ ಗಂಜಿ! ವ್ಯರ್ಥವಾಗಬಾರದು, ಹುಳಿ ಬಂದದ್ದು ಕರಿಬೇವಿಗೆ ಅಮೃತ. ಕೆಮಿಸ್ಟ್ರಿ ಓದಿದವನಿಗೆ ಇಷ್ಟೂ ಗೊತ್ತಿರುವುದಿಲ್ಲವೇ? ಪೂರ್ತಿ ಮಡಕೆಯನ್ನು ಗಿಡದ ಬುಡಕ್ಕೆ ಸುರಿದು, ಮಡಕೆ ತೊಳೆದು ಬೋರಲಿಟ್ಟು, ಹೊಗಳಿಕೆಗೆ ಕಾಯುತ್ತ ನಿಂತೆ.

ಹೊರಗೆ ಬೀದಿಯಲ್ಲಿ ಪಾವು ಬಿಗಿದಾಗಿತ್ತು. ಬಿಸಿಲೇರಿದರೆ ಗಂಜಿ ಎಳೆಗೆ ಹಿಡಿಯುವುದಿಲ್ಲ. ಇನ್ನೆರಡು ದಿನ ಹುಳಿಗೆ ಕಾಯೋಣವೆಂದರೆ ಮುಹೂರ್ತಕ್ಕೆ ಸೀರೆ ಮುಗಿಯುವುದಿಲ್ಲ. ಅತ್ತೆ ಮಡಕೆ ಒಯ್ಯಲು ಬಂದರು. ಮಡಕೆ ನೋಡಿದರು, ಗಿಡ ನೋಡಿದರು, ನನ್ನನ್ನು ನೋಡಿದರು.

"ಏನಂಗ, ನೀವು ಓದಿದ್ದು ಸಾಕಾಗಲಿಲ್ಲವೋ, ಜಾಸ್ತಿಯಾಯ್ತೋ?" ಎಂದಳು ನನ್ನ ಹೆಂಡತಿ. ಭಾವಮೈದುನ ಬೀದಿಯಲ್ಲೇ ನಿಂತು ಮಗ್ಗ ಬಿಚ್ಚುವ ಆಚಾರಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ.

ಅತ್ತೆ ನೇರ ಬೀದಿಗೆ ಹೋಗಿ, ಆ ಮುದಿ ಗಂಟಲಿನಲ್ಲಿ ತಮಿಳಿನಲ್ಲೊಂದು ಕೂಗು ಹಾಕಿದರು: "ಹುಳಿ ಗಂಜಿ ಇರುವವರೆಲ್ಲ ತನ್ನಿ! ನನ್ನ ಮಾಪಿಳ್ಳೆ ಗಿಡಕ್ಕೆ ಹಾಕಿಬಿಟ್ಟರು!"

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೊಂದೇ ಬಾಗಿಲು ತೆರೆಯಿತು. ರಾತ್ರಿ ನೀರು ಹಾಕಿಟ್ಟ ಅನ್ನದ ತಿಳಿ ಒಂದು ಮನೆಯಿಂದ. ಮುದುಕನೊಬ್ಬನ ಬೆಳಗಿನ ಗಂಜಿ ಇನ್ನೊಂದರಿಂದ. ಆ ಮುದುಕನೇ ತಂದುಕೊಟ್ಟ. ಒಬ್ಬಾಕೆ ಸಂಡಿಗೆಗೆಂದು ಕುದಿಸಿದ್ದ ಹಿಟ್ಟಿನ ಬೋಗುಣಿಯನ್ನೇ ಹೊತ್ತು ತಂದಳು.

"ಅದರಲ್ಲಿ ಉಪ್ಪು ಇದೆ ಅತ್ತೆ, ಜೀರಿಗೆ ಬೇರೆ," ಎಂದೆ ನಾನು, ವಿಜ್ಞಾನದ ಮಾನ ಉಳಿಸಲು.

"ಜೀರಿಗೆ ಸೋಸಿದರೆ ಹೋಗುತ್ತೆ. ನೀವು ಸ್ವಲ್ಪ ಸುಮ್ಮನಿರಿ."

ಸಜ್ಜೆಯ ಗಂಜಿ ತಂದವರನ್ನು ಮಾತ್ರ ಅತ್ತೆ ತಡೆದರು. ಬಿಳಿ ನೂಲು ಕಪ್ಪಾಗುತ್ತದಲ್ಲ! "ಅದನ್ನ ಮಾಪಿಳ್ಳೆಗೆ ಕುಡಿಸಿ, ಬಾಯಿ ತುಂಬಿರಲಿ."

ಒಂಬತ್ತು ಮನೆಯ ಗಂಜಿ ಒಂದೇ ಕಡಾಯಿಯಲ್ಲಿ, ಮೇಲೆ ಒಂದು ಕೈ ಕೊಬ್ಬರಿ ಎಣ್ಣೆ. ಕುಂಚ ಬಿಟ್ಟು ಎಷ್ಟೋ ವರ್ಷವಾದ ಮುದುಕರೆಲ್ಲ ಪಾವಿನ ಎರಡು ಬದಿ ಸಾಲಾಗಿ ನಿಂತು, ಒಂದೇ ತಾಳಕ್ಕೆ ಬಾಚುತ್ತ ಮುಂದೆ ಸಾಗಿದರು. ಸೂರ್ಯ ತೆಂಗಿನ ತಲೆ ದಾಟುವಷ್ಟರಲ್ಲಿ ಪಾವು ವೀಣೆಯ ತಂತಿಯ ಹಾಗೆ ನಿಂತಿತ್ತು. ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ಅಷ್ಟು ಚೆಂದದ್ದೇನನ್ನೂ ಕಂಡಿರಲಿಲ್ಲ.

ಆವತ್ತು ಆ ಬೀದಿಯಲ್ಲಿ ತಿಂಡಿ ತಿಂದವನು ನಾನೊಬ್ಬನೇ, ಸಜ್ಜೆಯ ಗಂಜಿ, ಎರಡು ಚೊಂಬು.

ಎಲ್ಲಿಗೂ ಹೋಗದ ಸೈಕಲ್ಲು

ಸಕ್ಕರೆ ಕಾಯಿಲೆಯವನಾದ್ದರಿಂದ ನಾನು ಹೋದಲ್ಲೆಲ್ಲ ಡಾಕ್ಟರು ಹೇಳಿದ ವ್ಯಾಯಾಮದ ಸೈಕಲ್ಲು ಒಯ್ಯುತ್ತೇನೆ. ನಾನು ಬೆವರಿಳಿಸಿ ತುಳಿಯುವುದನ್ನು ಅತ್ತೆ ಎರಡು ದಿನ ನೋಡಿದರು.

"ಎಲ್ಲಿಗೆ ಹೋಗ್ತಿದ್ದೀರಿ ಮಾಪಿಳ್ಳೆ?"

"ಎಲ್ಲಿಗೂ ಇಲ್ಲ ಅತ್ತೆ. ಸುಮ್ಮನೆ."

'ಸುಮ್ಮನೆ' ಎಂಬುದು ಅವರಿಗೆ ಸಹಿಸಲಾಗದ ಮಾತು. ಸಂಜೆಯೊಳಗೆ ಸೈಕಲ್ಲಿನ ಚಕ್ರಕ್ಕೂ ಕಂಡಿಕೆ ಸುತ್ತುವ ರಾಟೆಗೂ ನಡುವೆ ಒಂದು ಹಳೆಯ ರಬ್ಬರ್ ಟ್ಯೂಬಿನ ಪಟ್ಟಿ ಬಂತು. ನಾನು ತುಳಿದರೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ತಾನಾಗಿ ಸುತ್ತಿಕೊಳ್ಳುತ್ತದೆ! ಅತ್ತೆ ಮಗ್ಗದಲ್ಲಿ ಕೂತು, "ಮಾಪಿಳ್ಳೆ, ನೂಲು!" ಎಂದರೆ ನಾನು ಏರುದಾರಿ ಹತ್ತುವವನ ಹಾಗೆ ತುಳಿಯುತ್ತಿದ್ದೆ.

ಊರಿಗೆ ಬಂದ ಮೇಲೆ ಡಾಕ್ಟರು ರಿಪೋರ್ಟು ನೋಡಿ ಕಣ್ಣರಳಿಸಿದರು. "ಸಕ್ಕರೆ ಇಷ್ಟು ಇಳಿದಿದೆಯಲ್ಲ ಸಾರ್, ಎಷ್ಟು ದೂರ ತುಳಿದಿರಿ?"

"ಅಂಚು, ಒಡಲು ಮುಗಿಸಿ ಸೆರಗಿನವರೆಗೆ," ಎಂದೆ.

ಮಗ್ಗಕ್ಕೆ ಬಂದ ಆರ್ಡರು

ಸೀರೆ ಮುಗಿದದ್ದು ಮುಹೂರ್ತದ ಹಿಂದಿನ ಸಂಜೆ. ಒಗೆಯಲು ಸಮಯವಿಲ್ಲ. ಮಗ್ಗದಿಂದ ಕೊಯ್ದ ಸೀರೆಯನ್ನೇ ಮಡಿಸಿಕೊಂಡು ತುಡಿಯಲೂರಿಗೆ ಓಡಿದೆವು. ಭಾವಮೈದುನ ದಾರಿಯುದ್ದಕ್ಕೂ, "ಮುಗಿಸಿದ್ದೇನೋ ಸರಿ, ಬಾಳಿಕೆ ಬರಬೇಕಲ್ಲ! ಬೀದಿಯವರ ಸಂಡಿಗೆ ಹಿಟ್ಟಿನ ಸೀರೆ, ಉಡೋ ಮೊದಲೇ ಹರಿಯುತ್ತೆ. ಹರಿದರೆ ಪಂದ್ಯ ನನ್ನದೇ," ಎನ್ನುತ್ತಿದ್ದ.

ಬೆಳಿಗ್ಗೆ ಹೊಸಿಲ ಮುಂದೆ ಹಸು, ಕರು, ಹಿಂದೆ ತುಂಬಿದ ಕೊಡ ಹೊತ್ತ ಮಗಳು. ಸುಣ್ಣದ ಬಿಳುಪಿನ ಒಡಲು, ಕೆಂಪಂಚು, ಹೊಸ ಗಂಜಿಯ ಗರಿಗರಿ. ಪುರೋಹಿತರು, "ಮೊದಲು ಗೋಮಾತೆ ಒಳಗೆ ಬರಲಿ," ಎಂದರು. ಗೋಮಾತೆ ಬರಲಿಲ್ಲ. ಮೂಗರಳಿಸಿ, ತಿರುಗಿ, ಮಗಳ ಸೆರಗನ್ನು ಒಮ್ಮೆ ನೆಕ್ಕಿತು. ಉಪ್ಪು! ಮತ್ತೆ ನೆಕ್ಕಿತು. ಆಮೇಲೆ ಮೊಳದುದ್ದ ಸೆರಗನ್ನು ಬಾಯೊಳಗೆ ಎಳೆದುಕೊಂಡು, ಆರಾಮಾಗಿ ಹೊಸಿಲು ದಾಟಿ ಒಳಗೆ ನಡೆಯಿತು.

ಮಗಳು ಕೊಡ ಬಿಡುವ ಹಾಗಿಲ್ಲ, ಸೆರಗು ಬಿಡುವ ಹಾಗಿಲ್ಲ, "ಅಪ್ಪಾ! ಅಪ್ಪಾ!" ಎಂದು ಕೂಗುತ್ತ ಹಸುವಿನ ಹಿಂದೆ ನಡುಮನೆ, ಅಡುಗೆಮನೆ, ದೇವರ ಕೋಣೆ, ಎಲ್ಲ ಸುತ್ತಿದಳು. ಮುಹೂರ್ತ ಮೀರದ ಹಾಗೆ ಇಡೀ ಮನೆಯ ಪ್ರವೇಶ ಒಂದೇ ಉಸಿರಿಗೆ ಮುಗಿಯಿತು. ಹಸುವಿನ ಒಡೆಯ ಒಂದು ಕಡೆ, ನಾನು ಒಂದು ಕಡೆ ಜಗ್ಗಿ ಅಂತೂ ಸೆರಗು ಬಿಡಿಸಿದೆವು. ಅತ್ತೆ ಕನ್ನಡಕ ಏರಿಸಿ, ಒದ್ದೆ ಸೆರಗನ್ನು ಬೆಳಕಿಗೆ ಹಿಡಿದು, ಎಳೆ ಎಳೆಯಾಗಿ ನೋಡಿದರು.

ಒಂದು ಎಳೆಯೂ ಹರಿದಿರಲಿಲ್ಲ. ಒಂದೇ ಒಂದು ಎಳೆ! ಭಾವಮೈದುನನೂ ಬೆರಳಿನಿಂದ ಉಜ್ಜಿ ನೋಡಿದ, ಪವರ್‌ಲೂಮಿನವನಲ್ಲವೇ, ಅವನಿಗೆ ಗೊತ್ತಾಗುತ್ತದೆ. ಆದರೂ ಸೋಲೊಪ್ಪದೆ ಕೊನೆಗೊಮ್ಮೆ ಗೊಣಗಿದ: "ಸರಿಯಮ್ಮಾ, ಮಗ್ಗ ಇರಲಿ. ಆದರೆ ಈ ಕಾಲದಲ್ಲಿ ಇಂಥದ್ದನ್ನ ಕೇಳಿಕೊಂಡು ಬರೋರು ಯಾರು?"

ಮರುದಿನ ಬೆಳಿಗ್ಗೆ ನಾವಿನ್ನೂ ಕಾಫಿ ಕುಡಿಯುತ್ತಿದ್ದೆವು. ಗೇಟಿನ ಹತ್ತಿರ ಹಸುವಿನ ಒಡೆಯ ತಲೆ ಕೆರೆಯುತ್ತ ನಿಂತಿದ್ದ. ಹಿಂದೆ ಹಸು.

"ಅಮ್ಮಾ, ನಿನ್ನೆಯಿಂದ ಇವಳು ಹುಲ್ಲು ಮೂಸಿ ಮೂಸಿ ಮುಖ ತಿರುಗಿಸುತ್ತಿದ್ದಾಳೆ. ಹಗ್ಗ ಬಿಚ್ಚಿದರೆ ನೇರ ಇಲ್ಲಿಗೇ ಬಂದಳು. ಆ ಸೀರೆ... ಇನ್ನೊಂದು ಇದೆಯಾ?"

ಅತ್ತೆ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ಕೇಳಿದೆಯೇನೋ? ಆರ್ಡರು ಬಂತು. ಮಾಪಿಳ್ಳೆ, ಸೈಕಲ್ ಹತ್ತಿ."